‘ಆರೆಂಜ್’ ಶಬ್ದದ ವಂಶಾವಳಿ

ಕೊಡಗಿನ ಚೆಟ್ಟಳ್ಳಿಯ ಕಡೆ ಕಾಫಿಯ ಗಿಡಗಳ ನಡುವೆ ಕಿತ್ತಳೆಯ ಮರಗಳನ್ನು ಬೆಳೆಸುವುದುಂಟು. ಅದೇ ಹಣ್ಣು ಪೇಟೆಗೆ ಬಂದೊಡನೆ ಇಂಗ್ಲಿಷು ಕಲಿತ ನಮ್ಮ ಬಾಯಲ್ಲಿ ‘ಆರೆಂಜ್’ ಆಗುತ್ತದೆ. ‘ಕಿತ್ತಳೆ’ ಎಂದರೆ ಹಳ್ಳಿಯ ಮಾತೆಂದೂ ‘ಆರೆಂಜ್’ ಎಂದರೆ ನಾಗರಿಕರ ನುಡಿಯೆಂದೂ ನಮಗೊಂದು ಭ್ರಾಂತಿ. ಈ ನಾಗರಿಕ ಶಬ್ದದ ಕುಲವನ್ನು ಸ್ವಲ್ಪ ವಿಚಾರಿಸೋಣ.

‘ಆರೆಂಜ್’ ಇಂಗ್ಲೆಂಡಿನಲ್ಲಿ ಹುಟ್ಟಿದುದಲ್ಲ. 14ನೆಯ ಶತಮಾನದಲ್ಲಿ ಅದು ಫ್ರೆಂಚಿನಿಂದ ಅಲ್ಲಿಗೆ ಹೋಯಿತು. ಅದಕ್ಕೆ ಹಿಂದೆ ಅರಬ್ಬಿಯಲ್ಲಿ ‘ನಾರಂಜ್’, ಪಾರಸಿಯಲ್ಲಿ ‘ನಾರಂಗ್’, ಸಂಸ್ಕೃತದಲ್ಲಿ ‘ನಾರಂಗ’ ಎಂಬ ರೂಪಗಳಿವೆ. ಸಂಸ್ಕೃತಕ್ಕೂ ಈ ಶಬ್ದವು ದ್ರಾವಿಡದಿಂದ ಬಂದಿರಬೇಕೆಂದು ಅನೇಕ ವಿದ್ವಾಂಸರ ಮತ. ಮಲೆಯಾಳದಲ್ಲಿ ನಿಂಬೆಯ ಜಾತಿಯ ಹಣ್ಣಿಗೆ ‘ನಾರಂಗ’ ಎನ್ನುತ್ತಾರೆ. ತಮಿಳಿನಲ್ಲಿ ‘ನಾರತ್ತಂಗಾಯ್’ ಇದೆ. ಪರಿಮಳ ಬೀರು ಎಂಬರ್ಥದ ತಮಿಳಿನ ‘ನಾಱು’ ಧಾತುವೇ ಇದರ ಬೇರಾಗಿರಬಹುದು. ನಮ್ಮ ಕನ್ನಡದ ‘ನಾರು’ ಮಾತ್ರ ಈಗ ದುರ್ಗಂಧಕ್ಕೇ ಸಲ್ಲುತ್ತದೆ!

ಮೊದಲಿನ ನಕಾರವೆಲ್ಲಿ ಹೋಯಿತೆಂದು ಕೇಳಬಹುದು. ಇಂಗ್ಲಿಷಿನಲ್ಲಿ ‘ಎ ನೇಪ್ರನ್’ ಎಂಬುದು ‘ಆ್ಯನ್ ಏಪ್ರನ್’ ಆದಂತೆ ಇಲ್ಲಿಯೂ ಆಯಿತೆಂಬುದು ಬಳಕೆಯ ವಿವರಣೆ. ಅದು ಸರಿಯಲ್ಲ. ಇಂಗ್ಲಿಷಿಗೆ ತಲುಪುವ ಮೊದಲೇ ಫ್ರೆಂಚಿನಲ್ಲಿ ನಕಾರವು ಲೋಪಿಸಿತ್ತು. ಸ್ಪೇನಿನವರ ‘ನರಂಹ’ದಲ್ಲಿ ಅದು ಈಗಲೂ ಉಳಿದಿದೆ. ಹಣ್ಣಿನ ಹೆಸರು ಬಣ್ಣಕ್ಕೆ ಸಂದದ್ದು ಇನ್ನೂ ತಡವಾಗಿ, 16ನೆಯ ಶತಮಾನದಲ್ಲಿ.

ಇನ್ನು ನಮ್ಮ ‘ಕಿತ್ತಳೆ’. ಈಳೆಯೆಂದರೆ ನಿಂಬೆಯ ಕುಲದ ಹಣ್ಣು. ಕಿರಿದಾದ ಈಳೆ ಕಿತ್ತೀಳೆ, ಹಿರಿದಾದುದು ಹೇರೀಳೆ. ಇವೇ ಇಂದಿನ ಕಿತ್ತಳೆ, ಹೇರಳೆಗಳು. ನೋಡಿದೊಡನೆ ಅರ್ಥ ಹೇಳುವ ಹೆಸರುಗಳಿವು.

ಚೆಟ್ಟಳ್ಳಿಯಲ್ಲಿ ತೋಟಗಾರಿಕೆಯ ಸಂಶೋಧನ ಕೇಂದ್ರವೊಂದಿದೆ. ಅಲ್ಲಿನ ವಿಜ್ಞಾನಿಗಳು ಕೊಡಗಿನ ಕಿತ್ತಳೆಯನ್ನು ‘ಮ್ಯಾಂಡರಿನ್’ ವರ್ಗಕ್ಕೆ ಸೇರಿಸುತ್ತಾರೆ. ಈ ಹೆಸರೂ ಅನ್ಯವಲ್ಲ. ಸಂಸ್ಕೃತದ ‘ಮಂತ್ರಿ’ ಮಲಯ ಭಾಷೆಗೆ ಹೋಗಿ, ಪೋರ್ಚುಗೀಸರ ಬಾಯಲ್ಲಿ ಚೀನದ ಅಧಿಕಾರಿಯ ಹೆಸರಾಗಿ, ಕಡೆಗೆ ಹಣ್ಣಿಗೂ ಅಂಟಿಕೊಂಡಿತು.

ಆದುದರಿಂದ ‘ಆರೆಂಜ್’ ಎಂದವರನ್ನು ನಾವು ಜರೆಯಬೇಕಾಗಿಲ್ಲ. ಅದು ದೇಶಾಂತರ ಹೋಗಿ ವೇಷ ಬದಲಿಸಿ ಬಂದ ನಂಟ. ಆದರೆ ಆ ನಂಟನಿಗೆ ಮಣೆ ಹಾಕುವ ಸಂಭ್ರಮದಲ್ಲಿ, ಮನೆಯಲ್ಲಿಯೇ ಉಳಿದು ಬಾಳಿದ ಕಿತ್ತಳೆಯನ್ನು ಹಿತ್ತಿಲಿಗೆ ಕಳುಹಿಸುವುದು ನ್ಯಾಯವಲ್ಲ.