ಗೋಡೆಯ ಹಲಗೆ, ಅಂಗದ ಮೇಲಣ ಲಿಂಗ

ನಮ್ಮ ಹಿರಿಯರು ಕಲ್ಲು-ಮಣ್ಣಿನ ದಪ್ಪ ಗೋಡೆಗಳನ್ನು ಕಟ್ಟುವಾಗಲೇ ಅವುಗಳಲ್ಲಿ ಮಾಡಗಳನ್ನು ಬಿಡುತ್ತಿದ್ದರು. ವಿಭೂತಿ, ರುದ್ರಾಕ್ಷಿ, ಪಣತಿ, ತಾಡೆಯೋಲೆಯ ಕಟ್ಟು ಇವೆಲ್ಲಕ್ಕೂ ಅದೇ ನೆಲೆ. ಇಂದಿನ ಮನೆಗಳಲ್ಲಿ ಇಟ್ಟಿಗೆಯ ಒಳಗೋಡೆ ಸಾಮಾನ್ಯವಾಗಿ ನಾಲ್ಕೂವರೆ ಅಂಗುಲದ್ದು. ಅದನ್ನು ಕೊರೆದು ಮಾಡ ಮಾಡಹೊರಟರೆ ಗೋಡೆಯ ಬಲವೇ ಕುಂದುವುದು. ಆದುದರಿಂದ ಪೂಜಾಸಾಮಗ್ರಿಗೆ ಹಲಗೆ ಕೂರಿಸುವುದೇ ಈಗ ರೂಢಿಯಾಗಿದೆ.

ಈ ಕೆಲಸವನ್ನು ಅಲ್ಪವೆಂದು ಬಗೆದು ನಾವೇ ಒಮ್ಮೆ ಕೆಟ್ಟೆವು. ನಾಲ್ಕು ಮೊಳೆ ಹೊಡೆದು ತೇಗದ ಹಲಗೆಯನ್ನು ನಿಲ್ಲಿಸಿ, ಅದರ ಮೇಲೆ ವಚನಸಂಪುಟಗಳನ್ನೂ ಹಿತ್ತಾಳೆಯ ದೀಪವನ್ನೂ ಇರಿಸಿದ್ದೆವು. ಮೊಳೆಗಳು ಹಿಡಿದಿದ್ದುದು ಗಿಲಾವನ್ನು ಮಾತ್ರ, ಇಟ್ಟಿಗೆಯನ್ನಲ್ಲ. ಒಂದು ಸಂಜೆ ದೀಪ ಉರಿಯುತ್ತಿರುವಾಗಲೇ ಹಲಗೆ ಕಳಚಿ ಬಿದ್ದಿತು. ಎಣ್ಣೆ ಚೆಲ್ಲಿ ಚಾಪೆಯ ಅಂಚು ಹೊತ್ತಿಕೊಂಡಿತು. ಅಲ್ಲಿ ಕುಳಿತು ಓದುತ್ತಿದ್ದ ಮೊಮ್ಮಗ ನೀರು ಕುಡಿಯಲೆಂದು ಆಗತಾನೆ ಎದ್ದು ಹೋಗಿದ್ದನು.

ಬಿದ್ದ ವಸ್ತುಗಳನ್ನು ಆಯ್ದುಕೊಳ್ಳುವಾಗ ಅವುಗಳ ನಡುವೆ ಅವನ ಕರಡಿಗೆಯೂ ದೊರೆಯಿತು. ಎಷ್ಟು ದಿನಗಳಿಂದ ಅದು ಹಲಗೆಯ ಮೇಲಿದ್ದಿತೋ! ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ. ದೀಕ್ಷೆ ಕೊಡಿಸಿದ ಮೇಲೆ ಲಿಂಗವು ಅವನ ಎದೆಯ ಮೇಲಿದೆಯೋ ಇಲ್ಲವೋ ಎಂದು ನೋಡದೆ ಹೋದ ತಪ್ಪು ನಮ್ಮದೇ.

ಮರುವಾರ ಬಡಗಿಯನ್ನು ಕರೆಸಿದೆವು. ಅವನು ಮೊದಲು ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿದನು. ಟೊಳ್ಳು ಸದ್ದು ಬಂದ ಕಡೆ ಗಿಲಾವು ಬಿಟ್ಟುಕೊಂಡಿರುವುದೆಂದು ಆ ಜಾಗವನ್ನು ತೊರೆದನು. ವಿದ್ಯುತ್ ತಂತಿಗಳು ಗುಂಡಿಪೆಟ್ಟಿಗೆಯಿಂದ ನೇರ ಮೇಲಕ್ಕೋ ಕೆಳಕ್ಕೋ ಹಾಯ್ದಿರುವುದುಂಟು. ಆ ಸಾಲಿನಲ್ಲಿ ಎಂದೂ ಕೊರೆಯಬಾರದು. ರಸಮಟ್ಟವಿಟ್ಟು ಗೆರೆ ಎಳೆದು, ಗಿಲಾವನ್ನು ದಾಟಿ ಇಟ್ಟಿಗೆಯೊಳಕ್ಕೆ ಎರಡು ಅಂಗುಲ ರಂಧ್ರ ಕೊರೆದು, ಪ್ಲಾಸ್ಟಿಕ್ ಪ್ಲಗ್ ಕೂರಿಸಿ, ಕಬ್ಬಿಣದ ಬ್ರಾಕೆಟ್‌ಗಳನ್ನು ತಿರುಪುಮೊಳೆಗಳಿಂದ ಬಿಗಿದನು. ಟೊಳ್ಳು ಕಾಂಕ್ರೀಟ್ ಇಟ್ಟಿಗೆಯ ಗೋಡೆಯಾದರೆ ಅದಕ್ಕೆಂದೇ ಇರುವ ಬೇರೆ ಪ್ಲಗ್ ಬೇಕಾಗುವುದು. ಹಲಗೆ ಅಗಲವಾದಷ್ಟೂ ಅದರ ಮುಂಚಿನ ಭಾರ ಮೇಲಿನ ಮೊಳೆಗಳನ್ನು ಹೊರಕ್ಕೆ ಎಳೆಯುವುದು. ಆದಕಾರಣ ದಪ್ಪ ಗ್ರಂಥಗಳು ಗೋಡೆಗೆ ಒತ್ತಿದಂತಿರಬೇಕು. ದೀಪವನ್ನು ಹಲಗೆಯಿಂದ ಇಳಿಸಿ ನೆಲದ ಮೇಲೆ, ಲೋಹದ ತಟ್ಟೆಯಲ್ಲಿರಿಸಿದೆವು. ಅದರ ನೆತ್ತಿಯ ಮೇಲೆ ಮರವಾಗಲಿ ಪರದೆಯಾಗಲಿ ಇರಕೂಡದು.

ಹಲಗೆಯ ಮೇಲಿನ ಗ್ರಂಥಗಳೂ ಪೂಜೆಗಷ್ಟೇ ಮೀಸಲಲ್ಲ. ಮಠಗಳಲ್ಲಿಯೂ ಮನೆಗಳಲ್ಲಿಯೂ ಕಟ್ಟಿಟ್ಟಿದ್ದ ಓಲೆಗಳನ್ನು ಫ. ಗು. ಹಳಕಟ್ಟಿಯವರು ಶ್ರಮವಹಿಸಿ ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಮಾಡಿಸಿದರು. ಬಿಚ್ಚಿ ಓದಿದುದರಿಂದಲೇ ಅವು ನಮಗೆ ದಕ್ಕಿದವು. ಹೂವೇರಿಸಿ ಕೈಮುಗಿದು ಹಾಗೆಯೇ ಬಿಟ್ಟರೆ ಇಂದಿನ ಸಂಪುಟಗಳಿಗೂ ಧೂಳೇ ಗತಿ.

ಇನ್ನು ಇಷ್ಟಲಿಂಗದ ಮಾತು. ಅದನ್ನು ಅಂಗೈಯಲ್ಲಿರಿಸಿ ಪೂಜಿಸಿ ಮತ್ತೆ ಅಂಗದ ಮೇಲೆಯೇ ಧರಿಸುವುದು ಶರಣರ ಪದ್ಧತಿ. ಸ್ನಾನ, ಆಟ, ಪ್ರಯಾಣ ಎಂದು ನೆಪ ಹೂಡಿ ಹಲಗೆಯ ಮೇಲಿರಿಸಿದರೆ, ದೇವರಿಗೆ ಗೋಡೆಯ ಮೇಲೊಂದು ಗುಡಿ ಕಟ್ಟಿ ನಾವು ದೂರ ಸರಿದಂತಾಗುವುದು. ಮಕ್ಕಳನ್ನು ಗದರಿಸುವ ಮೊದಲು ಹಿರಿಯರು ತಮ್ಮ ತಮ್ಮ ಎದೆಯನ್ನು ಮುಟ್ಟಿ ನೋಡಿಕೊಳ್ಳುವುದು ಲೇಸು.

ಹಲಗೆ ಕೂರಿಸುವ ದಿನ ಮೊಮ್ಮಗನೇ ಅದರ ಒಂದು ತುದಿಯನ್ನು ಹಿಡಿದು ನಿಂತಿದ್ದನು. ಕೆಲಸ ಮುಗಿದ ಮೇಲೆ ವಿಭೂತಿಯ ಗಟ್ಟಿಯನ್ನೂ ಗ್ರಂಥಗಳನ್ನೂ ಅವನೇ ಜೋಡಿಸಿದನು. ಕರಡಿಗೆಗೆ ಹೊಸ ಶಿವದಾರವನ್ನು ಅಜ್ಜಿ ಪೋಣಿಸಿಕೊಟ್ಟಳು. ಅದನ್ನು ಅವನು ಕೊರಳಿಗೆ ಹಾಕಿಕೊಂಡನು.