ಆಪರೇಷನ್ನಿನ ಮುಂಚಿನ ಮಾತ್ರೆ ಮತ್ತು ಬೀಡಿ ಸೇದುವವರ ಉಸಿರು

ಆಪರೇಷನ್ನಿಗೆ ಮೊದಲು ಅರಿವಳಿಕೆಯ ಡಾಕ್ಟರು ಕೇಳುವ ಒಂದು ಪ್ರಶ್ನೆಗೆ ನಮ್ಮಲ್ಲಿ ಅನೇಕರು ನಿಜ ಹೇಳುವುದಿಲ್ಲ: "ಬೀಡಿ, ಸಿಗರೇಟು ಸೇದುತ್ತೀರಾ?" ಹಾಸಿಗೆಯ ಸುತ್ತ ತಂದೆ, ಮಾವ, ಮಕ್ಕಳು ನಿಂತಿರುವಾಗ "ಇಲ್ಲ" ಎಂದುಬಿಡುತ್ತಾರೆ. ರೋಗಿಗಳನ್ನು ನೋಡಲು ಹೋದಾಗ ನಾವು ಇದನ್ನು ಕಂಡಿದ್ದೇವೆ. ಬೀಡಿಯ ಮಸ್‌ಅಲ ಹೇಳಲು ಇದನ್ನು ಬರೆಯುತ್ತಿಲ್ಲ. ಆ "ಇಲ್ಲ" ಜೀವಕ್ಕೆ ಹೇಗೆ ಅಪಾಯ ತರಬಹುದು ಎಂದು ತಿಳಿಸುವುದಷ್ಟೇ ಉದ್ದೇಶ.

ಭಯ ಕಡಿಮೆಯಾಗಲೆಂದು ಹಿಂದಿನ ರಾತ್ರಿ ಅಲ್ಪ್ರಾಜೋಲಂ ಮಾತ್ರೆಯನ್ನೋ, ಥಿಯೇಟರಿಗೆ ಒಯ್ಯುವ ಮುಂಚೆ ಮಿಡಜೋಲಂ ಇಂಜೆಕ್ಷನ್ನನ್ನೋ ಕೊಡುವುದುಂಟು. ಅದು ಮನಸ್ಸನ್ನಷ್ಟೇ ಶಾಂತಗೊಳಿಸುವುದಿಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದಾಗ "ಉಸಿರಾಡು" ಎಂದು ಆಜ್ಞೆ ಕೊಡುವ ಮೆದುಳಿನ ಭಾಗವೂ ಮಂದವಾಗುತ್ತದೆ, ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಆರೋಗ್ಯವಂತರು ಇದನ್ನು ತಾಳಿಕೊಳ್ಳುತ್ತಾರೆ.

ಮುಂದೆ ಪೂರ್ಣ ಅರಿವಳಿಕೆ ಕೊಟ್ಟಾಗ ವಪೆ ಮೇಲಕ್ಕೆ ಸರಿಯುತ್ತದೆ. ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಯುವ ಗಾಳಿ ಸುಮಾರು ಅರ್ಧ ಲೀಟರಿನಷ್ಟು ಕಡಿಮೆಯಾಗುತ್ತದೆ. ಸೇದುವವರ ಸಣ್ಣ ಗಾಳಿಕೊಳವೆಗಳು ಮೊದಲೇ ಊದಿ ಕಫದಿಂದ ತುಂಬಿರುವುದರಿಂದ ಶ್ವಾಸಕೋಶ ಕುಗ್ಗಿದ ಕೂಡಲೇ ಮುಚ್ಚಿಕೊಳ್ಳುತ್ತವೆ. ಆ ಭಾಗಕ್ಕೆ ರಕ್ತ ಹೋಗುತ್ತದೆ, ಆದರೆ ಆಮ್ಲಜನಕ ಪಡೆಯದೆ ಹಿಂದಿರುಗುತ್ತದೆ. ಕಫ ಗುಡಿಸುವ ಸೂಕ್ಷ್ಮ ರೋಮಗಳೂ ಹೊಗೆಯಿಂದ ಸೋತಿರುತ್ತವೆ. ಗಂಟಲಿಗೆ ಟ್ಯೂಬು ತಾಗಿದಾಗ ಜೋರು ಕೆಮ್ಮು ಬರಬಹುದು, ಕೊಳವೆಗಳು ಬಿಗಿದುಕೊಳ್ಳಬಹುದು. ಆಪರೇಷನ್ ಮುಗಿದ ಮೇಲೂ ಮಂಪರು ಇಳಿಯದಿದ್ದರೆ ಕೆಮ್ಮಿ ಕಫ ಹೊರಹಾಕುವ ಶಕ್ತಿ ಇರುವುದಿಲ್ಲ. ನ್ಯುಮೋನಿಯಾಕ್ಕೆ ದಾರಿಯಾಗುವುದು ಹೀಗೆ.

ಇನ್ನೊಂದು ಮೋಸವಿದೆ. ಹೊಗೆಯ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದಿರುತ್ತದೆ. ಬೆರಳಿಗೆ ಹಾಕುವ ಸಾಮಾನ್ಯ ಕ್ಲಿಪ್ಪು ಅದನ್ನೂ ಆಮ್ಲಜನಕವೆಂದೇ ಎಣಿಸಿ ಒಳ್ಳೆಯ ಅಂಕಿ ತೋರಿಸುತ್ತದೆ.

ಸಂಗತಿ ಗೊತ್ತಿದ್ದರೆ ಡಾಕ್ಟರು ಮಂಪರಿನ ಮದ್ದನ್ನು ಕಡಿಮೆ ಮಾಡಬಹುದು, ಇಲ್ಲವೇ ಬಿಡಬಹುದು. ಮೊದಲೇ ಇನ್ಹೇಲರ್ ಕೊಡಿಸಬಹುದು, ಆಪರೇಷನ್ನಿನ ಬಳಿಕ ಹೆಚ್ಚು ಹೊತ್ತು ನಿಗಾ ಇಡಬಹುದು. ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ ಎಂದೂ ಹೇಳಿ. ಗೊರಕೆ ಇದ್ದರೆ, ಮನೆಯಲ್ಲಿ ನಿದ್ರೆ ಮಾತ್ರೆಯ ಅಭ್ಯಾಸವಿದ್ದರೆ ಅದನ್ನೂ ಮರೆಯದೆ ತಿಳಿಸಿ.

ನಾಲ್ಕು ವಾರ ಮುಂಚೆ ಬಿಟ್ಟರೆ ತೊಂದರೆಗಳು ಕಡಿಮೆಯಾಗುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅಷ್ಟು ಸಮಯವಿಲ್ಲದಿದ್ದರೆ ಒಂದು ದಿನ ಬಿಟ್ಟರೂ ಆ ವಿಷಾನಿಲ ಬಹುಪಾಲು ಇಳಿಯುತ್ತದೆ. "ಧೈರ್ಯಕ್ಕೆ ಒಂದೇ ಒಂದು" ಎಂದು ಅಂದು ಬೆಳಿಗ್ಗೆ ಆಸ್ಪತ್ರೆಯ ಗೇಟಿನ ಹೊರಗೆ ಸೇದುವುದಂತೂ ಬೇಡ. ಮನೆಯವರ ಮುಂದೆ ಹೇಳಲು ಸಂಕೋಚವಾದರೆ ಅವರನ್ನು ಸ್ವಲ್ಪ ಹೊರಗೆ ಕಳುಹಿಸುವಂತೆ ಡಾಕ್ಟರನ್ನು ಕೇಳಿ, ಅವರು ಕಳುಹಿಸುತ್ತಾರೆ.