ಎಣಿಕೆಗೆ ಸಿಕ್ಕದ ಬಲಹೀನತೆ

ಕಡೂರಿನ ಬಯಲುಸೀಮೆಯಲ್ಲಿ ಯಗಟಿಯಂತಹ ಊರುಗಳಿಂದ ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್‌ಗೆಂದು ಬಸ್ಸು ಹತ್ತಿ, ಸೂಜಿ ತೆಗೆದ ತೋಳಿನ ಹತ್ತಿಯನ್ನು ಒತ್ತಿ ಹಿಡಿದು ಸಂಜೆಗೆ ಹಿಂತಿರುಗುವ ರೋಗಿಯ ಕೈಚೀಲದಲ್ಲಿ ರಕ್ತಪರೀಕ್ಷೆಯ ಚೀಟಿಯೊಂದು ಇದ್ದೇ ಇರುತ್ತದೆ. ಬಿಳಿ ರಕ್ತಕಣಗಳು ಘನ ಮಿಲಿಮೀಟರಿಗೆ 7,000 ಎಂದು ಅದರಲ್ಲಿ ಬರೆದಿದ್ದರೆ, ಆರೋಗ್ಯವಂತರ ಲೆಕ್ಕವೂ 4,000ದಿಂದ 11,000ದ ಒಳಗೇ ಇರುವುದರಿಂದ, ಮನೆಯವರು ನೆಮ್ಮದಿ ತಾಳುವುದು ಸಹಜವೇ. ಆದರೆ ಆ ಚೀಟಿ ತಿಳಿಸುವುದು ಕಣಗಳ ಸಂಖ್ಯೆಯನ್ನು, ಅವುಗಳ ಸಾಮರ್ಥ್ಯವನ್ನಲ್ಲ.

1882ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಮೆಚ್ನಿಕಾಫ್ ಎಂಬ ವಿಜ್ಞಾನಿ ನಕ್ಷತ್ರಮೀನಿನ ಪಾರದರ್ಶಕವಾದ ಮರಿಗೆ ಮುಳ್ಳು ಚುಚ್ಚಿ, ಅದರ ಸುತ್ತ ಚಲಿಸುವ ಕಣಗಳು ನೆರೆದುದನ್ನು ಕಂಡನು. ನಮ್ಮ ರಕ್ತದ ಬಿಳಿಯ ಕಣಗಳೂ ಹಾಗೆಯೇ ರೋಗಾಣುಗಳಿದ್ದೆಡೆಗೆ ಅರಸಿ ಹೋಗಿ, ಅವನ್ನು ನುಂಗಿ, ನುಂಗಿದುದನ್ನು ಕೊಲ್ಲಬೇಕು. ಮೂತ್ರಪಿಂಡಗಳು ಸೋತು ಕಲ್ಮಷಗಳು ರಕ್ತದಲ್ಲಿಯೇ ಉಳಿದಾಗ ಈ ಮೂರು ಶಕ್ತಿಗಳೂ ಕುಂದುತ್ತವೆ. ಡಯಾಲಿಸಿಸ್ ಯೂರಿಯಾವನ್ನು ಚೆನ್ನಾಗಿ ತೊಳೆದರೂ, ಪ್ರೋಟೀನಿಗೆ ಅಂಟಿಕೊಂಡ ಕೆಲವು ವಿಷಗಳು ಅದಕ್ಕೆ ಪೂರ್ಣವಾಗಿ ಸಿಕ್ಕುವುದಿಲ್ಲ. ಪ್ರತಿಕಾಯಗಳನ್ನು ಹುಟ್ಟಿಸುವ ಲಿಂಫೋಸೈಟುಗಳೆಂಬ ಬಿಳಿಯ ಕಣಗಳೂ ಜಡವಾಗುವುದರಿಂದಲೇ ಇಂಥವರಿಗೆ ಹೆಪಟೈಟಿಸ್ ಬಿ ಲಸಿಕೆಯನ್ನು ಸಾಮಾನ್ಯವಾದ 20 ಮೈಕ್ರೋಗ್ರಾಂಗೆ ಬದಲಾಗಿ 40 ಮೈಕ್ರೋಗ್ರಾಂ ಪ್ರಮಾಣದಲ್ಲಿ ಕೊಡುವುದುಂಟು.

ಮೂತ್ರಪಿಂಡಗಳಂತೆಯೇ ಯಕೃತ್ತು ಸೋತರೂ ಈ ಕಾವಲು ಕುಂದುತ್ತದೆ; ಅದರ ಕಥೆ ಇನ್ನೂ ಜಟಿಲವಾದುದು. ಕರುಳಿನಿಂದ ಬರುವ ರಕ್ತದ ಬಹುಪಾಲು ಮೊದಲು ಯಕೃತ್ತನ್ನು ಹಾದುಹೋಗುತ್ತದೆ. ಅಲ್ಲಿ ಕುಪ್ಫರ್ ಕಣಗಳು ಸುಂಕದ ಕಟ್ಟೆಯ ಕಾವಲುಗಾರರಂತೆ ನಿಂತು ರೋಗಾಣುಗಳನ್ನು ಹಿಡಿಯುತ್ತವೆ. ಸಿರೋಸಿಸ್‌ನಿಂದ ಯಕೃತ್ತು ಗಡುಸಾದರೆ ಆ ರಕ್ತದ ಒಂದು ಭಾಗ ಬೇರೆ ದಾರಿ ಹಿಡಿದು ಅವುಗಳ ಕಣ್ತಪ್ಪಿಸುತ್ತದೆ. ರೋಗಾಣುಗಳಿಗೆ ಗುರುತು ಹಚ್ಚಿ ಬಿಳಿಯ ಕಣಗಳಿಗೆ ತೋರಿಸಿಕೊಡುವ ಪ್ರೋಟೀನುಗಳನ್ನು ಯಕೃತ್ತೇ ತಯಾರಿಸಬೇಕಾಗಿರುವುದರಿಂದ ಅವೂ ಕಡಿಮೆಯಾಗುತ್ತವೆ. ಊದಿಕೊಂಡ ಪ್ಲೀಹ ಕಣಗಳನ್ನು ತನ್ನಲ್ಲಿಯೇ ತಡೆದಿರಿಸಿ ಅವುಗಳ ಸಂಖ್ಯೆಯನ್ನೂ ಇಳಿಸುತ್ತದೆ. ಜಲೋದರವಿರುವವರ ಹೊಟ್ಟೆಯ ನೀರಿನಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿಯ ಕಣಗಳು ಘನ ಮಿಲಿಮೀಟರಿಗೆ 250 ಅಥವಾ ಹೆಚ್ಚು ಕಂಡರೆ ವೈದ್ಯರು ಸೋಂಕೆಂದೇ ಬಗೆದು ಚಿಕಿತ್ಸೆಗೆ ತೊಡಗುತ್ತಾರೆ. ಆಗ ಜ್ವರವಾಗಲಿ ನೋವಾಗಲಿ ಕಾಣಿಸದೆಯೂ ಇರಬಹುದು. ಈ ಮೌನವೇ ನನಗೆ ಎಲ್ಲಕ್ಕಿಂತ ಭಯಂಕರವಾಗಿ ತೋರುತ್ತದೆ.

ಆದುದರಿಂದ ಈ ಎರಡು ರೋಗಗಳಲ್ಲಿ ಯಾವುದಿದ್ದವರೂ ಮೈ ಬಿಸಿಯಾಗಲಿ ಎಂದು ಕಾಯಬಾರದು. ಚಳಿನಡುಕ, ಸೂಜಿ ಚುಚ್ಚುವ ಜಾಗದ ಕೆಂಪು, ಹೊಟ್ಟೆನೋವು, ಇದ್ದಕ್ಕಿದ್ದಂತೆ ಮಂಕಾಗುವ ಬುದ್ಧಿ, ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಿರಿ. ಮೈಕೈ ನೋವಿಗೆಂದು ಅಂಗಡಿಯ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬೇಡಿರಿ. ಲಸಿಕೆಯ ಮಾತನ್ನು ವೈದ್ಯರು ಎತ್ತದಿದ್ದರೆ ನೀವೇ ಎತ್ತಿರಿ.